ತಟ್ಟೆಯ ಎಡಬದಿ

ಚನ್ನವೀರಪ್ಪನವರು ತಟ್ಟೆಯ ಎಡಗಡೆ ಬಡಿಸಿದ್ದನ್ನು ಮುಟ್ಟುವುದಿಲ್ಲ ಎನ್ನುವುದು ಆ ಮನೆಯಲ್ಲಿ ಮೊದಲು ಜಗಳವಾಗಿ ಬಂತು. ಅದೂ ಕಾಯಿಲೆಯೇ ಎಂದು ಗೊತ್ತಾಗಿದ್ದು ಆಮೇಲೆ.

ಸಂಕ್ರಾಂತಿ ಕಳೆದ ವಾರ ಪೀಣ್ಯದ ಕಾರ್ಖಾನೆಯಿಂದ ಬಂದು ಕಾಲು ತೊಳೆಯುತ್ತಿದ್ದವರು ಲಕ್ವ ಹೊಡೆದು ಬಚ್ಚಲಲ್ಲೇ ಕುಸಿದು ಬಿದ್ದಿದ್ದರು. ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿದ್ದು, ಎಡಗಾಲನ್ನು ಎಳೆದುಕೊಂಡು ದಾಸರಹಳ್ಳಿಯ ಬಾಡಿಗೆ ಮನೆಗೆ ವಾಪಸಾದರು. ಬಂದ ಮೂರನೆಯ ದಿನ ಹೆಂಡತಿ ಸರ್ವಮಂಗಳ ಜೋಳದ ರೊಟ್ಟಿ, ಹೀರೇಕಾಯಿ ಪಲ್ಯ ಬಡಿಸಿದಳು. ಗಂಡ ರೊಟ್ಟಿಯ ಬಲಗಡೆಯ ಅರ್ಧವನ್ನು ಮುರಿದು ತಿಂದು, ಶೇಂಗಾ ಚಟ್ನಿ ಬಳಿದುಕೊಂಡು, ಕೈತೊಳೆಯಲು ಎದ್ದರು. ಉಳಿದ ಅರ್ಧ ರೊಟ್ಟಿ ಮತ್ತು ಪಲ್ಯ ಎಡಗಡೆ ಇದ್ದ ಹಾಗೇ ಇದ್ದವು.

ಎದುರಿಗೆ ಕೂತಿದ್ದ ತಾಯಿ ಚನ್ನಬಸಮ್ಮನವರಿಗೆ ಇದನ್ನು ಸಹಿಸಲಾಗಲಿಲ್ಲ. ರಾಣೆಬೆನ್ನೂರು ಕಡೆಯಿಂದ ಮಗನ ಜೊತೆ ಬೆಂಗಳೂರಿಗೆ ಬಂದು ಹದಿನೆಂಟು ವರ್ಷವಾಗಿದ್ದರೂ ಅವರು ತಮ್ಮ ಮಾತನ್ನೂ ಬಿಟ್ಟಿರಲಿಲ್ಲ, ನೇಮವನ್ನೂ ಬಿಟ್ಟಿರಲಿಲ್ಲ.

"ಪ್ರಸಾದ ಬಿಟ್ಟು ಏಳ್ತಿಯಲ್ಲೋ ಯಪ್ಪಾ. ಲಿಂಗ ಕಟ್ಟಿದವ್ರು ಮಾಡೋ ಕೆಲ್ಸೇನು ಇದು?"

"ಎಲ್ಲಾ ತಿಂದೀನಲ್ಲವ್ವ."

"ಕಣ್ಣು ಕಾಣಂಗಿಲ್ಲೇನು? ಪಲ್ಯ ಹಂಗೇ ಐತಿ."

"ಎಲ್ಲೈತಿ?" ಎಂದು ಅವರು ತಟ್ಟೆಯ ಬಲಗಡೆ ನೋಡಿದರು.

ಸರ್ವಮಂಗಳಳಿಗೆ ರೇಗಿತು. "ಉಪ್ಪು ಕಮ್ಮಿ ಹಾಕ್ದೆ ಅಂತ ಕೋಪ ನಿಮ್ಗೆ. ಬಾಯಿ ಬಿಟ್ಟು ಹೇಳ್ರಿ. ಡಾಕ್ಟ್ರು ಹೇಳಿದ್ದಕ್ಕೆ ನಾನೇನು ಮಾಡ್ಲಿ?"

ನಾಲ್ಕು ದಿನ ಇದೇ ರಾಮಾಯಣ. ಅತ್ತೆ ಪ್ರಸಾದದ ಲೆಕ್ಕ ಹಿಡಿದರೆ ಸೊಸೆ ಉಪ್ಪಿನ ಲೆಕ್ಕ ಹಿಡಿದಳು. ಐದನೆಯ ದಿನ ಮಗಳು ಸ್ಫೂರ್ತಿ ಮಾತಿಲ್ಲದೆ ಬಂದು ಅಪ್ಪನ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ಎಡಗಡೆಯಿದ್ದ ಪಲ್ಯ ಬಲಗಡೆ ಬಂತು.

"ಓ, ಪಲ್ಯಾನೂ ಮಾಡಿದ್ಯಾ," ಎಂದು ಚನ್ನವೀರಪ್ಪನವರು ಸಂತೋಷದಿಂದ ತಿನ್ನತೊಡಗಿದರು.

ಸ್ಫೂರ್ತಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದು ಅವಳಿಗೆ ಮಾತ್ರ ಅರ್ಥವಾಗಿತ್ತು. ಅವತ್ತು ಅಡಿಗೆಮನೆಯಲ್ಲಿ ಅಮ್ಮನಿಗೆ ಇನ್ನೊಮ್ಮೆ ಬಿಡಿಸಿ ಹೇಳಿದಳು. "ಅಪ್ಪನ ಕಣ್ಣು ಚೆನ್ನಾಗಿದೆ ಅಮ್ಮ. ಆದ್ರೆ ಎಡಗಡೆ ಅಂತ ಒಂದಿದೆ ಅನ್ನೋದೇ ತಲೆಗೆ ಹೋಗಲ್ಲ. ಅಲ್ಲಿ ಪಲ್ಯ ಇದ್ರೂ ಇಲ್ಲ, ಬಾಗಿಲಿದ್ರೂ ಇಲ್ಲ. ಸ್ವಂತ ಕೈ ಎಲ್ಲಿದೆ ಅಂತಾನೂ ಮರೆತುಬಿಡ್ತಾರೆ."

"ಸ್ವಂತ ಕೈ ಯಾರಾದ್ರೂ ಮರೀತಾರೇನೇ?"

"ನೋಡ್ತಿರು."

ನೋಡುವುದೇನು, ದಿನಾ ಕಣ್ಣೆದುರಿಗೇ ಇತ್ತು. ಗಡ್ಡ ಬಲಗೆನ್ನೆಯಲ್ಲಿ ಮಾತ್ರ ಬೋಳಿಸಿಕೊಂಡಿರುತ್ತಿದ್ದರು. ಎಡಗಾಲಿನ ಚಪ್ಪಲಿ ಜಗುಲಿಯಲ್ಲೇ ಉಳಿಯುತ್ತಿತ್ತು. ಕುರ್ಚಿಯಲ್ಲಿ ಕೂತರೆ ಎಡಗೈ ಕೆಳಗೆ ಜೋತುಬಿದ್ದಿರುತ್ತಿತ್ತು. ಅದರ ಮೇಲೆ ಅವರೇ ಕುರ್ಚಿ ಎಳೆದುಕೊಂಡರೂ ಗೊತ್ತಾಗುತ್ತಿರಲಿಲ್ಲ. ಮನೆಯೊಡತಿ ಭದ್ರಮ್ಮ ಮೊಮ್ಮಗುವಿನ ನಾಮಕರಣಕ್ಕೆ ಕರೆದಾಗ ಪಂಕ್ತಿಯಲ್ಲಿ ಎಡಗಡೆ ಕೂತವರ ಎಲೆಯ ಮೇಲೆ ಲೋಟದ ನೀರು ಚೆಲ್ಲಿ, ಚೆಲ್ಲಿದ್ದು ತಿಳಿಯದೆ ಪಾಯಸಕ್ಕೆ ಕೈ ಹಾಕಿದರು. ಜನ ಪಾಪ ಎಂದರು. ಹಾಗೆ ಪಾಪ ಎನ್ನಿಸಿಕೊಳ್ಳುವುದಕ್ಕಿಂತ ಬೈಸಿಕೊಳ್ಳುವುದು ಮೇಲು. ಅಲ್ಲಿಂದಾಚೆ ಅವರು ಯಾರ ಮನೆಯ ಹೊಸ್ತಿಲನ್ನೂ ತುಳಿಯಲಿಲ್ಲ. ಮೊದಲ ವಾರ ಸೇಬು ಹಿಡಿದುಕೊಂಡು ಬಂದಿದ್ದ ಕಾರ್ಖಾನೆಯವರೂ ಆಮೇಲೆ ಬರಲಿಲ್ಲ. ಆಂಜಿನಪ್ಪ ಒಬ್ಬನೇ ಭಾನುವಾರ ತಪ್ಪಿಸಲಿಲ್ಲ. ಅವನು ಮಾದನಾಯಕನಹಳ್ಳಿಯವನು, ಪ್ರೆಸ್ ಮಿಷಿನ್ನಿನ ಕೆಲಸವನ್ನು ಚನ್ನವೀರಪ್ಪನವರ ಕೈಕೆಳಗೆ ಕಲಿತವನು.

ಮನೆಯಲ್ಲಿ ದೊಡ್ಡ ಪೇಚು ಬೆಳಗಿನ ಪೂಜೆಯದು. ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈ ಮೇಲಿಟ್ಟುಕೊಂಡು, ಬಲಗೈಯಿಂದ ನೀರು, ವಿಭೂತಿ, ಹೂವು. ಅದಾಗದೆ ಆ ಮನೆಯಲ್ಲಿ ಯಾರೂ ತುತ್ತು ಎತ್ತುವ ಹಾಗಿಲ್ಲ. ಈಗ ಅವರ ಎಡಗೈ ಲಿಂಗದ ಭಾರಕ್ಕೇ ಮಗುಚಿಕೊಳ್ಳುತ್ತಿತ್ತು. ಎರಡು ಸಲ ಲಿಂಗ ಜಾರಿ ಮಡಿಲಿಗೆ ಬಿತ್ತು. ಮೂರನೆಯ ಸಲ ಚಾಪೆಗೆ ಬಿದ್ದಾಗ ಚನ್ನಬಸಮ್ಮನವರು ಎದೆ ಹಿಡಿದುಕೊಂಡು ಕೂತುಬಿಟ್ಟರು. ಮಠದ ಸ್ವಾಮಿಗಳು ಪೀಠದ ಮೇಲಿಟ್ಟು ಮಾಡಿದರೂ ನಡೆಯುತ್ತದೆ ಎಂದು ಹೇಳಿ ಕಳಿಸಿದರು. ಮುದುಕಿ ಒಪ್ಪಬೇಕಲ್ಲ.

"ಅಂಗೈ ಇರೋದು ಯದಕ? ನನ್ನ ಮಗ ಇನ್ನೂ ಸತ್ತಿಲ್ಲ," ಎಂದರು.

ಸರ್ವಮಂಗಳ ಗಂಡನ ಪಕ್ಕದಲ್ಲಿ ಕೂತು ತನ್ನ ಅಂಗೈಯನ್ನು ಅವರ ಅಂಗೈ ಕೆಳಗೆ ಕೊಟ್ಟಳು. ಮೇಲೆ ಒಂದು ಶಲ್ಯ ಹೊದಿಸಿದಳು. ಅತ್ತೆಗೆ ಕಣ್ಣು ಮಂಜು, ದೂರದಿಂದ ಮಗ ನೆಟ್ಟಗೆ ಕೂತಿದ್ದು ಕಾಣಿಸುತ್ತಿತ್ತು, ಅಷ್ಟು ಸಾಕಾಗಿತ್ತು. ಕಾಲು ಗಂಟೆ ಹಾಗೆ ಹಿಡಿದು ಅವಳ ತೋಳು ಜೋಮು ಹಿಡಿಯುತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕಿದರೂ ಏಳುವಂತಿರಲಿಲ್ಲ.

ಮೂರು ತಿಂಗಳು ಕಾಯುತ್ತೇನೆ ಎಂದು ಕಾರ್ಖಾನೆಯ ಮಾಲೀಕ ವಿಶ್ವನಾಥ್ ಹೇಳಿದ್ದರು. ಏಪ್ರಿಲ್ ಬಂತು. ಸರ್ವಮಂಗಳ ಇಳಕಲ್ ಸೀರೆ ಉಟ್ಟು ತಾನೇ ಕಾರ್ಖಾನೆಗೆ ಹೋದಳು. ಹೋಗುವ ಮುಂಚೆ ಗಂಡ ಹೇಳಿದ್ದು ಒಂದೇ ಮಾತು. "ಗೇಟಲ್ಲಿ ಕೂತು ಬಂದೋರಿಗೆಲ್ಲ ಸಲಾಮ್ ಹೊಡಿ ಅಂದ್ರೆ ನಾನು ಹೋಗಲ್ಲ. ಮಿಷಿನ್ ಕೊಡಿಸು. ಇಲ್ಲಾ ಅಂದ್ರೆ ಹೀಗೇ ಬಿಟ್ಬಿಡು."

ಮಗಳು ಬಾಗಿಲಿಗೆ ಅಡ್ಡ ನಿಂತಿದ್ದಳು. "ಅಮ್ಮ, ಗೇಟಿನ ಕೆಲಸ ಕೊಟ್ರೆ ಒಪ್ಕೊಂಡು ಬಾ. ಪ್ರೆಸ್ ಬೇಡ. ತಟ್ಟೆ ತಿರುಗಿಸೋಕೆ ಅಲ್ಲಿ ಯಾರಿರ್ತಾರೆ?"

"ನೀನು ಪರೀಕ್ಷೆಗೆ ಓದ್ಕೋ."

"ಪರೀಕ್ಷೆ ಬಿಟ್ಟು ಗಾರ್ಮೆಂಟ್ಸಿಗೆ ಹೋಗ್ತೀನಿ. ಎದುರು ಮನೆ ಅಕ್ಕ ಕರೀತಿದ್ದಾಳೆ."

"ಅದನ್ನ ಇನ್ನೊಂದ್ಸಲ ಅಂದ್ರೆ ಕಾಲು ಮುರೀತೀನಿ," ಎಂದು ಸರ್ವಮಂಗಳ ಹೊರಟಳು. ಮಗಳು ಓದು ಮುಗಿಸಬೇಕು, ಗಂಡ ಮೊದಲಿನ ಹಾಗೆ ತಲೆಯೆತ್ತಿ ಓಡಾಡಬೇಕು. ಎರಡೂ ಬೇಕಾಗಿತ್ತು ಅವಳಿಗೆ. ಅತಿಯಾಸೆಯೇನಲ್ಲ, ಜನವರಿಯವರೆಗೆ ಇದ್ದದ್ದೇ ಅಷ್ಟು.

ವಿಶ್ವನಾಥ್ ಹಣೆ ತುಂಬ ವಿಭೂತಿ ಹಚ್ಚುವ ಮನುಷ್ಯ, ದಾವಣಗೆರೆ ಕಡೆಯವರು, ಕೆಟ್ಟವರಲ್ಲ. ಡಾಕ್ಟರ ಚೀಟಿಯನ್ನು ಎರಡು ಸಲ ಓದಿದರು. ಅದರಲ್ಲಿ ಹಗುರವಾದ ಕೆಲಸ ಎಂದು ಬರೆದಿತ್ತು.

"ಗೇಟಲ್ಲಿ ಕೂರಲಿ ಬಿಡಮ್ಮ. ಬಂದು ಹೋಗೋ ಲಾರಿ ನಂಬರ್ ಬರ್ಕೊಳ್ಳೋದು ಅಷ್ಟೇ."

"ಮಿಷಿನ್ ಬಿಟ್ರೆ ಅವರು ಬದುಕಲ್ಲ ಸಾರ್."

"ಪ್ರೆಸ್‌ಗೆ ಎರಡೂ ಕೈ ಬೇಕಲ್ಲಮ್ಮ. ಎರಡು ಗುಂಡಿ ಒಟ್ಟಿಗೆ ಒತ್ತಿದ್ರೇನೇ ಅದು ಕೆಳಗೆ ಬರೋದು. ಆ ಥರ ಇಟ್ಟಿರೋದೇ ಕೈ ಒಳಗೆ ಸಿಗಬಾರದು ಅಂತ." ಅವರು ಚೀಟಿ ಮಡಚಿ ಮೇಜಿನ ಮೇಲಿಟ್ಟರು. ಆಮೇಲೆ ಲಿಂಗ ಕಟ್ಟಿದವರು ಮಾತ್ರ ಕೇಳಬಹುದಾದ ಪ್ರಶ್ನೆಯೊಂದನ್ನು ಕೇಳಿದರು. "ಪೂಜೆ ಹೇಗೆ ಮಾಡ್ಕೋತಾರೆ? ಪೀಠದ ಮೇಲಾ, ಕೈಯಲ್ಲಾ?"

"ಕೈಯಲ್ಲೇ ಸಾರ್."

"ಯಾರ ಸಹಾಯಾನೂ ಇಲ್ದೆ?"

"ಯಾರೂ ಬೇಡ ಸಾರ್. ಕಾಲು ಗಂಟೆ ಅಲುಗಾಡದಂಗೆ ಹಿಡೀತಾರೆ."

ಸುಳ್ಳು ಅವಳ ಬಾಯಿಂದ ಸಲೀಸಾಗಿ ಬಂತು. ಲಿಂಗದ ವಿಷಯದಲ್ಲಿ ಹೆಂಗಸೊಬ್ಬಳು ಸುಳ್ಳು ಹೇಳಿಯಾಳು ಎಂದು ವಿಶ್ವನಾಥ್ ಕನಸಿನಲ್ಲೂ ಎಣಿಸಿರಲಿಲ್ಲ. ಅಂಗೈ ಅಷ್ಟು ಗಟ್ಟಿಯಿದ್ದರೆ ಸಣ್ಣ ಪ್ರೆಸ್ ನಡೆಸಲಿ ಎಂದರು. ಸೋಮವಾರದಿಂದ ಬರಲು ಹೇಳಿದರು.

ಆ ಭಾನುವಾರ ಮನೆಯಲ್ಲಿ ಹೋಳಿಗೆ ಮಾಡಿದರು. ಚನ್ನಬಸಮ್ಮನವರು ಮಗನಿಗೆ ತಾವೇ ತುಪ್ಪ ಹಾಕಿದರು. ಸೋಮವಾರ ಬೆಳಿಗ್ಗೆ ಖಾಕಿ ಅಂಗಿಯ ಗುಂಡಿಗಳನ್ನು ಸರ್ವಮಂಗಳ ಹಾಕಿದಳು. ಕೂದಲಿನ ಎಡಗಡೆಯನ್ನು ಸ್ಫೂರ್ತಿ ಬಾಚಿದಳು. ಅವಳ ಮುಖ ಮಾತ್ರ ಬಿಗಿದುಕೊಂಡಿತ್ತು. ಭದ್ರಮ್ಮ ಗೇಟಿನ ಹತ್ತಿರ ನಿಂತು, "ಎಲ್ಗೆ, ಕೆಲಸಕ್ಕಾ? ಒಳ್ಳೇದಾಯ್ತು ಬುಡಿ," ಎಂದಳು. ಚನ್ನವೀರಪ್ಪನವರು ಮೂರು ತಿಂಗಳ ಮೇಲೆ ಮೊದಲ ಸಲ ಬೀದಿಯಲ್ಲಿ ನಾಲ್ಕು ಜನಕ್ಕೆ ಕೇಳುವ ಹಾಗೆ ನಕ್ಕರು. ಆ ನಗು ಕೇಳಿ ಸರ್ವಮಂಗಳಳಿಗೆ ಹೊಟ್ಟೆ ತಣ್ಣಗಾಯಿತು, ಹೇಳಿದ ಸುಳ್ಳು ಸಾರ್ಥಕ ಅನ್ನಿಸಿತು.

ಹದಿನೈದು ದಿನ ಚೆನ್ನಾಗಿಯೇ ಹೋಯಿತು. ಊಟದ ಹೊತ್ತಿಗೆ ಕಾರ್ಖಾನೆಯ ಸುದ್ದಿ ಮತ್ತೆ ಬರತೊಡಗಿತು: ಫ್ಯಾನಿನ ಮುಚ್ಚಳ ಇಷ್ಟು ಹೊಡೆದೆವು, ಕ್ಯಾಂಟೀನಿನ ಸಾಂಬಾರು ನೀರು, ಇತ್ಯಾದಿ. ಆಮೇಲೆ ಒಂದು ಸಂಜೆ ಅವರ ಎಡಗೈ ಗೆಣ್ಣುಗಳು ಜಜ್ಜಿಹೋಗಿದ್ದವು.

"ಎಲ್ಲಿ ತಾಗಿಸ್ಕೊಂಡ್ರಿ?" ಎಂದು ಸರ್ವಮಂಗಳ ಅರಿಶಿನ ಹಚ್ಚುತ್ತ ಕೇಳಿದಳು.

"ಏನು?"

"ಈ ಕೈ."

ಅವರು ಯಾರದೋ ಕೈ ನೋಡುವಂತೆ ನೋಡಿದರು. "ಗೊತ್ತಿಲ್ಲ. ಬಸ್ಸಲ್ಲಿ ಇರಬೇಕು."

ಸ್ಫೂರ್ತಿ ಪುಸ್ತಕ ಮುಚ್ಚಿದಳು. "ಅಮ್ಮ, ನಿಲ್ಲಿಸು ಇದನ್ನ. ಸಾಹುಕಾರ್ರಿಗೆ ನಿಜ ಹೇಳು."

"ಇನ್ನೊಂದು ತಿಂಗಳು. ನಿನ್ನ ಪರೀಕ್ಷೆ ಮುಗೀಲಿ."

"ನನ್ನ ಹೆಸರು ಯಾಕೆ ಹಾಕ್ತೀಯ ಇದಕ್ಕೆ?"

"ಮತ್ಯಾರ ಹೆಸರು ಹಾಕ್ಲಿ, ಎದುರು ಮನೆಯವಳದಾ?"

ಚನ್ನಬಸಮ್ಮನವರು ಒಳಗಿನಿಂದ, "ದುಡಿಯೋ ಗಂಡಸಿನ ಮುಂದ ಇಂಥಾ ಮಾತು ಆಡಬ್ಯಾಡ್ರಿ," ಎಂದರು.

ಮರುದಿನ ಭಾನುವಾರ ಆಂಜಿನಪ್ಪ ಬಂದ. ಚನ್ನವೀರಪ್ಪನವರು ಸ್ನಾನಕ್ಕೆ ಹೋದ ಸಮಯ ನೋಡಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ. ಯಾವತ್ತೂ ಹಾಗೆ ಬಂದವನಲ್ಲ.

"ಅತ್ಗೆ, ಒಂದ್ ವಿಷ್ಯ. ಅಣ್ಣನಿಗೆ ಎಡಗಡೆ ಗುಂಡಿ ಒತ್ತಕ್ಕಾಯ್ತಿಲ್ಲ. ಮೊದ್ಲ್ನೇ ದಿನವೇ ನೋಡ್ದೆ. ಯಾರ್ಗೂ ಯೋಳಿಲ್ಲ. ಆ ಗುಂಡಿ ಒತ್ಕೊಂಡೇ ಇರಂಗೆ ರಬ್ಬರ್ ಇಟ್ಟು ಟೇಪ್ ಸುತ್ತಿವ್ನಿ. ಬಲಗೈ ಒಂದ್ರಲ್ಲೇ ನಡೀತೈತೆ ಈಗ."

ಸರ್ವಮಂಗಳ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು.

"ಅಂಗ್ ಮಾಡ್ಬಾರ್ದು, ನಂಗೊತ್ತು," ಎಂದ ಅವನು. "ಬ್ಯಾರೆಯವ್ರಾಗಿದ್ರೆ ಮಾಡ್ತಿರಲಿಲ್ಲ. ಕೈಯಾಗೆ ಬಲ ಸಾಲ್ದು ಅಷ್ಟೇ ಅಲ್ವಾ ಅತ್ಗೆ? ಕೈ ಸ್ವಾಧೀನ ಐತಲ್ಲ? ಪೂಜೆಗೆ ಸ್ವಂತ ಇಡ್ಕಂತಾರೆ ಅಂತ ಸಾಹುಕಾರ್ರು ಅಂದ್ರು. ಸ್ವಾಧೀನ ಇದ್ರೆ ಏನೂ ಭಯ ಇಲ್ಲ, ಅದು ಒಳಕ್ಕೋಗಲ್ಲ."

ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಅವಳು ಆಗ ಹೇಳಬಹುದಿತ್ತು. ಒಂದೇ ಮಾತು, ಇಲ್ಲಪ್ಪ ಸ್ವಾಧೀನ ಇಲ್ಲ ಎಂದಿದ್ದರೆ ಆಗಿತ್ತು.

"ಇದೆ, ಸ್ವಾಧೀನ ಇದೆ," ಎಂದಳು. "ಕೂತ್ಕೋ ಆಂಜಿನಪ್ಪ, ಉಪ್ಪಿಟ್ಟು ತಿಂದು ಹೋಗು."

ಅವನು ಎರಡು ಸಲ ಹಾಕಿಸಿಕೊಂಡು ತಿಂದ. ಅಣ್ಣನ ಮಿಷಿನ್ನಿನ ಎಡಗಡೆಯ ಮಿಷಿನ್ನು ತನ್ನದೇ, ಒಂದು ಕಣ್ಣಿಟ್ಟಿರುತ್ತೇನೆ ಎಂದು ಧೈರ್ಯ ಹೇಳಿ ಹೋದ.

ಜೂನ್ ಎರಡನೆಯ ವಾರ, ಬೆಳಿಗ್ಗೆ ಹನ್ನೊಂದೂವರೆಗೆ ಮನೆಯ ಮುಂದೆ ಆಟೋ ನಿಂತಿತು. ಚನ್ನವೀರಪ್ಪನವರು ಇಳಿದರು. ಖಾಕಿ ಅಂಗಿಯ ಎಡತೋಳು ಪೂರ್ತಿ ರಕ್ತ. ಸರ್ವಮಂಗಳ ಅಕ್ಕಿ ಆರಿಸುತ್ತಿದ್ದ ಮೊರ ಬಿಟ್ಟು ಓಡಿಹೋಗಿ ಅವರ ಎಡಗೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ನೋಡಿದಳು. ಐದೂ ಇದ್ದವು.

"ನಂದಲ್ಲ," ಎಂದರು ಅವರು. "ಆಂಜಿನಪ್ಪಂದು."

ಒಳಗೆ ಕೂರಿಸಿ ನೀರು ಕುಡಿಸಿದ ಮೇಲೆ ಅಷ್ಟಿಷ್ಟು ಹೇಳಿದರು. ಬಲಗೈಯಲ್ಲಿ ಚಿಮಟದಿಂದ ತಗಡು ಇಟ್ಟಿದ್ದಾರೆ. ಬಲಗಡೆಯ ಗುಂಡಿಗೆ ಕೈ ಹೋಗಿದೆ. ಆಂಜಿನಪ್ಪ ಎಡಗಡೆಯಿಂದ, "ಅಣ್ಣ, ಕೈ, ಕೈ," ಎಂದು ಕೂಗಿದ್ದಾನೆ. ಇವರು ಬಲಗಡೆ ತಿರುಗಿ ಯಾರು ಕೂಗಿದ್ದು ಎಂದು ನೋಡಿದ್ದಾರೆ. ಅಷ್ಟರಲ್ಲಿ ಗುಂಡಿ ಒತ್ತಿ ಆಗಿತ್ತು. ಅವನು ಎರಡೂ ಕೈ ಹಾಕಿ ಪ್ರೆಸ್ಸಿನ ಕೆಳಗೆ ಹೋಗಿದ್ದ ಇವರ ಎಡಗೈಯನ್ನು ಹೊರಗೆಳೆದ. ಅವನ ಬಲಗೈ ಒಳಗೇ ಉಳಿಯಿತು.

"ನನ್ನ ಕೈ ಅಲ್ಲಿತ್ತು ಅಂತ ನಂಗೆ ಗೊತ್ತೇ ಆಗ್ಲಿಲ್ಲ ಮಂಗಳಾ," ಎಂದರು. "ಟೇಪ್ ಯಾರು ಸುತ್ತಿದ್ದು ಅಂತ ಸಾಹುಕಾರ್ರು ಕೇಳಿದ್ರು. ನಾನೇ ಅಂದೆ. ಅವನು ಆ ಸ್ಥಿತೀಲೂ, ಇಲ್ಲ ನಾನು ಅಂತಿದ್ದ."

ಚನ್ನಬಸಮ್ಮನವರು ಕೈಮುಗಿದರು. "ನನ್ನ ಮಗನ ಕೈ ಉಳೀತು. ಲಿಂಗಪ್ಪ ಕಾಯ್ದ."

"ಸುಮ್ನಿರಿ ಅತ್ತೆ," ಎಂದಳು ಸರ್ವಮಂಗಳ. ಮದುವೆಯಾಗಿ ಬಂದ ಮೇಲೆ ಅತ್ತೆಗೆ ಹಾಗೆ ಹೇಳಿದ್ದು ಅದೇ ಮೊದಲು.

ಆಮೇಲೆ ಮೂರು ವಾರ ಕಳೆದವು. ವಿಶ್ವನಾಥ್ ಇನ್ನು ಬರುವುದು ಬೇಡ ಎಂದು ಹೇಳಿ ಕಳಿಸಿದರು. ಗೇಟಿನ ಕೆಲಸಕ್ಕೆ ಬೇರೆಯವರನ್ನು ಇಟ್ಟುಕೊಂಡು ಆಗಿತ್ತು. ಸ್ಫೂರ್ತಿ ಕೊನೆಯ ಪರೀಕ್ಷೆ ಬರೆದ ಮರುದಿನವೇ ಊಟದ ಡಬ್ಬಿ ಹಿಡಿದು ಎದುರು ಮನೆಯವಳ ಜೊತೆ ಗಾರ್ಮೆಂಟ್ಸಿಗೆ ಹೊರಟಳು. ಸರ್ವಮಂಗಳ ಕಾಲು ಮುರಿಯುವ ಮಾತೆತ್ತಲಿಲ್ಲ; ಡಬ್ಬಿಗೆ ಚಿತ್ರಾನ್ನ ತುಂಬಿಕೊಟ್ಟಳು. ನಾನು ಹೇಳಿದ್ದೆನಲ್ಲ ಅಮ್ಮ ಎಂದು ಮಗಳು ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ತಾಯಿಗೆ ಅನ್ನಿಸುತ್ತಿತ್ತು. ಚನ್ನವೀರಪ್ಪನವರು ಗೋಡೆಗೆ ಒರಗಿ ಕೂತು ದಿನಕ್ಕೆ ಹತ್ತು ಸಲ, "ಆಂಜಿನಪ್ಪನ್ನ ನೋಡ್ಕೊಂಡು ಬರೋಣ ನಡಿ," ಎನ್ನುತ್ತಿದ್ದರು. ಎದ್ದು ನಿಂತರೆ ಚಪ್ಪಲಿ ಸಿಗುತ್ತಿರಲಿಲ್ಲ, ಮತ್ತೆ ಕೂರುತ್ತಿದ್ದರು.

ಕೊನೆಗೆ ಒಂದು ಮಂಗಳವಾರ ಸರ್ವಮಂಗಳ ಒಬ್ಬಳೇ ಮೂಸಂಬಿ, ಹಾರ್ಲಿಕ್ಸ್ ಹಿಡಿದುಕೊಂಡು ತುಮಕೂರು ರಸ್ತೆಯ ಬಸ್ಸು ಹತ್ತಿದಳು. ಮಾದನಾಯಕನಹಳ್ಳಿಯಲ್ಲಿ ಗೋದಾಮುಗಳ ಹಿಂದೆ ಹೆಂಚಿನ ಮನೆ. ಆಂಜಿನಪ್ಪ ಒಳಕೋಣೆಯಲ್ಲಿ ಮಲಗಿದ್ದ. ಅವನ ಹೆಂಡತಿ ಶೋಭಾರಾಣಿ ಮುದ್ದೆ ತಿರುವುವ ಹಿಟ್ಟಿನ ಕೋಲು ಹಿಡಿದುಕೊಂಡೇ ಎದ್ದು ಬಂದಳು.

"ಬನ್ನಿ ಅಕ್ಕ, ಕುಂತ್ಕಳಿ. ಮಾತ್ರೆ ತಕ್ಕಂಡು ಮಲಗವ್ರೆ. ಬಲಗೈಯಾಗೆ ಎಬ್ಬೆಟ್ಟು ಒಂದು ಉಳ್ಕಂಡೈತೆ. ಅಣ್ಣ ಎಂಗವ್ರೆ?"

"ಇದ್ದಾರೆ."

"ಅವರ ಕೈಗೇನೂ ಆಗ್ಲಿಲ್ವಲ್ಲ, ಅಷ್ಟೇ ಸಮಾಧಾನ. ಇವ್ರೂ ಅದ್ನೇ ಅಂತಾವ್ರೆ. ಕೆಲಸ ಕಲಿಸ್ದೋರು, ಅವರ ಕೈ ಓಗೋದ್ನ ನೋಡ್ಕಂಡು ನಿಂತ್ಕಳಕ್ಕಾಯ್ತದಾ ಅಂತ." ಅವಳು ಕಾಫಿ ತಂದುಕೊಟ್ಟು ಎದುರಿಗೆ ಕೂತಳು. "ಒಂದೇ ಅರ್ಥ ಆಗ್ದಿರಾದು ಇವ್ರಿಗೆ. ಕೈ ಸ್ವಾಧೀನ ಇತ್ತಲ್ಲ, ಅದೆಂಗೆ ಒಳೀಕೋಯ್ತು ಅಂತ. ನಾನು ಟೇಪ್ ಸುತ್ತಿದ್ದೇ ತಪ್ಪಾಯ್ತು, ನನ್ ತಪ್ಪು, ನನ್ ತಪ್ಪು ಅಂತ ಗೋಡೆ ಕಡೀಕೆ ತಿರಿಕ್ಕಂಡು ಅಳ್ತಾರೆ."

ಸರ್ವಮಂಗಳ ಕಾಫಿ ಲೋಟ ಕೆಳಗಿಟ್ಟಳು.

"ಸ್ವಾಧೀನ ಇರಲಿಲ್ಲ ಶೋಭಾ. ಯಾವತ್ತೂ ಇರಲಿಲ್ಲ. ಪೂಜೇಲಿ ಅವರ ಕೈ ಕೆಳಗೆ ನನ್ನ ಕೈ ಇರ್ತಿತ್ತು. ಸಾಹುಕಾರ್ರಿಗೆ ಸುಳ್ಳು ಹೇಳ್ದೆ. ಆಂಜಿನಪ್ಪ ನಮ್ಮನೆ ಅಡಿಗೆಮನೆ ಬಾಗ್ಲಲ್ಲಿ ನಿಂತು ಕೇಳ್ದ. ಅವನಿಗೂ ಇದೆ ಅಂತಾನೇ ಹೇಳ್ದೆ."

ಶೋಭಾರಾಣಿ ಕೂಗಾಡಲಿಲ್ಲ. ಬೈದರೆ ಬೈಸಿಕೊಂಡು ಹೋಗೋಣ ಎಂದು ಸರ್ವಮಂಗಳ ಬಸ್ಸಿನ ಉದ್ದಕ್ಕೂ ಸಿದ್ಧಳಾಗಿಯೇ ಬಂದಿದ್ದಳು. ಆದರೆ ಇವಳು ಮೂಸಂಬಿಯ ಚೀಲವನ್ನೇ ನೋಡುತ್ತ ಕೂತುಬಿಟ್ಟಳು. ಒಲೆಯ ಮೇಲಿನ ಎಸರು ಕುದಿಯುತ್ತಿತ್ತು.

"ಯೋಳ್ಬುಟ್ರಿ," ಎಂದಳು. "ನಿಮ್ಗೆ ಅಗುರಾಯ್ತು. ಇದ್ನ ನಾನೀಗ ಎಲ್ಲಿಕ್ಕಂಬೇಕು ಅಕ್ಕ? ಇವ್ರಿಗೆ ಯೋಳಿದ್ರೆ, ನಂಬಿದ್ದ ಮನೆಯೋರೇ ಇಂಗೆ ಮಾಡುದ್ರಾ ಅಂತ ಸಾಯ್ತಾರೆ. ಯೋಳ್ದಿದ್ರೆ ತನ್ದೇ ತಪ್ಪು ಅಂದ್ಕಂಡು ಸಾಯ್ತಾರೆ. ಯಾವ್ದು ಮಾಡ್ಲಿ, ನೀವೇ ಯೋಳಿ."

ಒಳಗಿನಿಂದ ಆಂಜಿನಪ್ಪ ನಿದ್ದೆ ತಿಳಿದು, "ಯಾರೇ ಅದು ಬಂದಿರಾದು? ಅತ್ಗೆ ದನಿ ಇದ್ದಂಗೈತಲ್ಲ," ಎಂದ. ಅವನ ಧ್ವನಿಯಲ್ಲಿ ಸಂತೋಷವಿತ್ತು.

ಶೋಭಾರಾಣಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು.

"ಅವರೇ ಕಣ್ರೀ, ನಿಮ್ಮನ್ನ ನೋಡಕ್ಕೆ ಬಂದವ್ರೆ," ಎಂದು ಒಳಕ್ಕೆ ಕೂಗಿ ಹೇಳಿದಳು. ಆಮೇಲೆ ಸರ್ವಮಂಗಳಳ ಕಡೆ ತಿರುಗಿ ಮೆಲ್ಲನೆ ಅಂದಳು. "ಮುದ್ದೆ ತೊಳಸ್ಬೇಕು, ನಾನು ಒಲೆ ತಾವ ಇರ್ತೀನಿ. ಓಗಿ ಮಾತಾಡ್ಸಿ. ಕೈ ಅದೆಂಗೆ ಒಳೀಕೋಯ್ತು ಅಂತ ಕೇಳ್ತಾರೆ. ಏನ್ ಯೋಳ್ತೀರೋ ನೀವೇ ಯೋಳಿ."